ಉರುಸಿನ ಗುಲಾಬ್‌ಜಲ

ಯೇಸುವಿಗೆ ಸ್ತೋತ್ರ
ಗಿರಣಿ ಚಾಳು, ಕಲಬುರಗಿ
೨೭ ನವೆಂಬರ್ ೧೯೧೩

ಮಗಳು ಜಪಮಾಲೆಗೆ ಅಪ್ಪನ ಆಶೀರ್ವಾದ.

ಬರುವ ಭಾನುವಾರ ಆಗಮನ ಕಾಲ ಆರಂಭ. ಕಮಲಾಪುರದಲ್ಲಿ ಕ್ರೈಸ್ತರ ಮನೆ ನಿಮ್ಮದೊಂದೇ. ಹಬ್ಬ ಯಾವುದು, ಉಪವಾಸ ಯಾವಾಗ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಅದಕ್ಕೇ ಮೊದಲು ಇದನ್ನು ಬರೆದೆ. ಕ್ರಿಸ್ತಜಯಂತಿಯ ತನಕ ದಿನವೂ ಸಂಜೆ ಜಪಸರ ಬಿಡಬೇಡ. ಕುಳಿತು ಹೇಳಲು ಆಗದಿದ್ದರೆ ಮಲಗಿಕೊಂಡೇ ಹೇಳು. ನಿನ್ನ ಸ್ಥಿತಿಯಲ್ಲಿ ಅದು ತಪ್ಪಲ್ಲ.

ಹೆರಿಗೆ ಏಪ್ರಿಲಿನಲ್ಲಿ, ಪಾಸ್ಖ ಹಬ್ಬದ ಸುತ್ತ ಎಂದು ಅಳಿಯಂದಿರು ಬರೆದಿದ್ದಾರೆ. ಹೋದ ವರ್ಷ ಬಸಿರು ನಿಲ್ಲದೆ ಹೋದ ಹಾಗೆ ಈ ಸಲ ಆಗದಿರಲಿ ಎಂದು ನಾನು ಬೇಡದ ದಿನವಿಲ್ಲ. ಆದರೆ ಬೇಡುವುದು ಬೇರೆ, ಸಿದ್ಧವಾಗಿರುವುದು ಬೇರೆ. ಪಾದ್ರಿ ಸ್ವಾಮಿಗಳು ರಾಯಚೂರಿನ ಕಡೆಯಿಂದ ರೈಲಿನಲ್ಲಿ ಬರಬೇಕು. ಇಲ್ಲಿಗೇ ಅವರು ವರ್ಷಕ್ಕೆ ಮೂರು ನಾಲ್ಕು ಸಲ ಬಂದರೆ ಹೆಚ್ಚು. ಬರೀ ಉಪದೇಶಿಯಾದ ನಾನು ಪ್ರಾರ್ಥನೆ ನಡೆಸುತ್ತೇನೆ, ಸತ್ತವರನ್ನು ಮಣ್ಣು ಮಾಡುತ್ತೇನೆ, ಅಷ್ಟೇ. ಕೂಸಿನ ಜೀವಕ್ಕೆ ಅಪಾಯ ಕಂಡರೆ ಯಾರನ್ನೂ ಕಾಯಬಾರದು. ಎದುರಿಗಿರುವವರು ಯಾರೇ ಆಗಲಿ, ಯಾವ ಜಾತಿಯವರೇ ಆಗಲಿ, ತಲೆಯ ಮೇಲೆ ನೀರು ಹೊಯ್ಯುತ್ತ, ಹೆಸರು ಹೇಳಿ, "ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎಂದರೆ ಸಾಕು, ಸ್ನಾನ ಸಿಂಧುವಾಗುತ್ತದೆ. ನೀರು ಎಂದರೆ ನೀರೇ ಆಗಬೇಕು. ಬಾವಿಯದೋ, ಹಳ್ಳದ್ದೋ, ಮಳೆಯದೋ. ಹಾಲಲ್ಲ, ಎಣ್ಣೆಯಲ್ಲ, ಎಳನೀರಲ್ಲ. ನಿನ್ನ ಸೂಲಗಿತ್ತಿ ಕುಲ್ಸುಮ್‌ಗೆ ಈಗಿನಿಂದಲೇ ಈ ಮಾತು ಕಲಿಸು.

ಚಿಕ್ಕವಳಿದ್ದಾಗ ನೀನು ನಮ್ಮ ಸ್ಮಶಾನದ ಬೇಲಿಯ ಆಚೆ, ಎಕ್ಕೆಗಿಡಗಳ ನಡುವಿನ ಸಣ್ಣ ಗುಡ್ಡೆಗಳನ್ನು ತೋರಿಸಿ ಯಾರವು ಎಂದು ಕೇಳಿದ್ದೆ. ನಾನು ಆಗ ಮಾತು ಹಾರಿಸಿದ್ದೆ. ಸ್ನಾನವಾಗುವ ಮೊದಲೇ ಹೋದ ಕೂಸುಗಳವು. ಮಂತ್ರಿಸಿದ ಮಣ್ಣಿನಲ್ಲಿ ಅವಕ್ಕೆ ಜಾಗವಿಲ್ಲ, ದೇವರ ಮುಖ ಕಾಣುವ ಭಾಗ್ಯವೂ ಇಲ್ಲ. ಆದ್ದರಿಂದ ಇಷ್ಟು ಒತ್ತಿ ಬರೆದೆ. ಹೆದರಬೇಡ.

ನಿನ್ನ ಅಪ್ಪ,
ಇನ್ನಾಸಪ್ಪ


ಕಮಲಾಪುರ
೧೮ ಡಿಸೆಂಬರ್ ೧೯೧೩

ಪ್ರೀತಿಯ ಅಪ್ಪನವರಿಗೆ ಮಗಳು ಜಪಮಾಲೆಯ ನಮಸ್ಕಾರ.

ನೀವು ಹೇಳಿದಂತೆ ಕುಲ್ಸುಮ್ ಖಾಲಾಗೆ ಕಲಿಸಿದೆ. ಮೊದಲು ಅವಳು ನಕ್ಕದ್ದೇ ನಕ್ಕದ್ದು.

"ಯಾಕ ಬೇಟಿ, ನಿಮ್ಮಪ್ಪ ಮುಪ್ಪಿನ ಕಾಲಕ್ಕ ನನ್ನ ಕಿರಿಸ್ತಾನಳ ಮಾಡಾಕ ನಿಂತಾನೇನು?"

"ಇಲ್ಲ ಖಾಲಾ, ನೀ ಹ್ಯಾಂಗ ಇದ್ದಿ ಹಂಗs ಇರು. ನೀರು ಹಾಕಿ ಅಷ್ಟು ಮಾತು ಅಂದ್ರ ಸಾಕು."

"ನಮಾಜ್ ಮಾಡೋ ಬಾಯಿಲೆ ಅಂದ್ರೂ ನಡೀತದೇನು?"

"ನಡೀತದಂತ ಅಪ್ಪ ಬರದಾರ."

"ಹಂಗಾದ್ರ ನಿಮ್ಮ ದೇವರು ನಿಮ್ಮಪ್ಪಗಿಂತ ಸಡಲ ಇದ್ದಾನ ಬಿಡು" ಎಂದಳು. ಸಿಟ್ಟಾಗಬೇಡಿ ಅಪ್ಪಾ, ಅವಳು ನಿಮ್ಮನ್ನು ನನ್ನ ಮದುವೆಯಲ್ಲಿ ಒಮ್ಮೆ ನೋಡಿದ್ದು ಅಷ್ಟೇ.

ಹಾಲಲ್ಲ, ಎಣ್ಣೆಯಲ್ಲ ಎಂದು ನೀವು ಬರೆದದ್ದನ್ನು ಓದಿದಾಗ ಅವಳಿಗೆ ಅವಮಾನವಾಯಿತು. "ನನಗೇನು ಹಾಲಿಗೂ ನೀರಿಗೂ ಫರಕ್ ತಿಳ್ಯಾಂಗಿಲ್ಲೇನು?" ಎಂದು ಮುಖ ಊದಿಸಿಕೊಂಡಳು. ಆದರೆ ಮರುದಿನ ತಾನಾಗಿ ಬಂದು ಅಡಿಗೆಮನೆಯಲ್ಲಿದ್ದ ಕುಂಬಳಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತಂಬಿಗೆಯಿಂದ ನೀರು ಹೊಯ್ದು, ಮಾತನ್ನೆಲ್ಲ ಒಪ್ಪಿಸಿದಳು. ಸರಕಾರಿ ಬಂಗಲೆಯ ಅಡಿಗೆ ಮುಗಿಸಿ ಬಂದ ಇವರು ಬಾಗಿಲಲ್ಲಿ ನಿಂತು ನೋಡಿ, "ಈಗ ಇದನ್ನ ಕೊಯ್ದು ಸಾಹೇಬರಿಗೆ ಪಲ್ಯ ಮಾಡ್ಲೋ, ಮಣ್ಣು ಮಾಡ್ಲೋ?" ಎಂದು ಕೇಳಿದರು. ನಗು ತಡೆಯಲಾಗದೆ ನಾನು ಹೊಟ್ಟೆ ಹಿಡಿದುಕೊಂಡು ಕೂತೆ.

ಬಂಗಲೆಗೆ ಈ ತಿಂಗಳು ತಾಲೂಕ್‌ದಾರ ಸಾಹೇಬರ ಸವಾರಿ ಇದೆ. ಇವರಿಗೆ ಅಡಿಗೆಯಿಂದ ಬಿಡುವಿಲ್ಲ, ಹಬ್ಬಕ್ಕೆ ಕಲಬುರಗಿಗೆ ಬರಲಾಗುವುದಿಲ್ಲ. ಬಾಳೆಯ ಪಟ್ಟೆಯಿಂದ ಬಾಲಯೇಸುವಿಗೆ ಸಣ್ಣ ಗೋದಲಿ ಕಟ್ಟಿದ್ದೇನೆ. ಕೆಂಪು ಬಾಳೆಯ ಗೊನೆಯೊಂದನ್ನು ಅಲ್ಲಿಯ ಗಂಜ್ ಬಜಾರಿಗೆ ಬರುವ ಗಾಡಿಯಲ್ಲಿ ಕಳಿಸಿದ್ದೇನೆ. ಹಬ್ಬದ ಪ್ರಾರ್ಥನೆ ಮುಗಿದ ಮೇಲೆ ಚಾಳಿನವರಿಗೆಲ್ಲ ಹಂಚಿ, ನೀವೂ ಒಂದು ತಿನ್ನಿ. ನೀವು ಹಂಚಿ ಸುಮ್ಮನಾಗುತ್ತೀರಿ ಎಂದು ನನಗೆ ಗೊತ್ತು.

ನಿಮ್ಮ
ಜಪಮಾಲೆ


ಕಲಬುರಗಿ
೨೦ ಫೆಬ್ರವರಿ ೧೯೧೪

ಮಗಳಿಗೆ ಆಶೀರ್ವಾದ.

ಕುಂಬಳಕಾಯಿಯ ಸಂಗತಿ ನನಗೆ ನಗು ತರಲಿಲ್ಲ. ಆ ಮಾತು ಆಟದ್ದಲ್ಲ. ಆದರೂ ಕುಲ್ಸುಮ್ ಮಾತು ತಪ್ಪದೆ ಹೇಳುತ್ತಾಳೆ ಎಂದು ತಿಳಿದು ಸಮಾಧಾನವಾಯಿತು. ಈಗ ನಿಲ್ಲಿಸಲು ಹೇಳು.

ಬುಧವಾರ, ೨೫ಕ್ಕೆ, ವಿಭೂತಿ ಬುಧವಾರ. ತಪಸ್ಸುಕಾಲ ಆರಂಭ. ಹೋದ ವರ್ಷ ಗರಿಗಳ ಭಾನುವಾರಕ್ಕೆ ಹಂಚಿದ ಈಚಲ ಗರಿಗಳನ್ನು ಮನೆಮನೆಯಿಂದ ತಂದು ಸುಟ್ಟು ಬೂದಿ ಮಾಡಿದೆವು. ನೀನು ಕಳಿಸಿದ ಗರಿಯೂ ಅದರಲ್ಲಿದೆ. ಕ್ರಿಸ್ತಜಯಂತಿಗೆ ಬರಲಾಗದ ಸ್ವಾಮಿಗಳು ಕಳೆದ ವಾರ ಒಂದೇ ದಿನಕ್ಕೆ ಬಂದು ಮಂತ್ರಿಸಿ ಹೋದರು. ಪೊಟ್ಟಣ ಈ ಪತ್ರದೊಳಗಿದೆ. ಅಳಿಯ ಚೌರಪ್ಪನವರ ಕೈಯಿಂದ ಹಣೆಗೆ ಹಚ್ಚಿಸಿಕೋ. ಬಸುರಿಗೆ ಉಪವಾಸವಿಲ್ಲ. ಮಾಂಸ ಬಿಟ್ಟರೂ ಹಾಲು, ಬೆಲ್ಲ ಬಿಡಬೇಡ.

ಇಲ್ಲಿ ನಮಗೆ ಗಂಟೆಯಿಲ್ಲ. ಗಿರಣಿಯ ಭೋಂಗಾ ಕೂಗಿದಾಗ ಎದ್ದು ಪ್ರಾರ್ಥನೆಗೆ ಬರುತ್ತಾರೆ, ಇನ್ನೊಮ್ಮೆ ಕೂಗಿದಾಗ ಅರ್ಧಕ್ಕೇ ಎದ್ದು ಪಾಳಿಗೆ ಓಡುತ್ತಾರೆ. ಕೊನೆಯ ಆಮೆನ್ ಹೇಳುವವನು ಬಹಳ ದಿನ ನಾನೊಬ್ಬನೇ.

ನಿನ್ನ ಅಪ್ಪ


ಕಮಲಾಪುರ
೪ ಮಾರ್ಚ್ ೧೯೧೪

ಅಪ್ಪನವರಿಗೆ ನಮಸ್ಕಾರ.

ಬೂದಿ ಮುಟ್ಟಿತು. ಹಚ್ಚಿಕೊಂಡು ಬಾವಿಗೆ ಹೋದರೆ ಪಕ್ಕದ ಮನೆಯ ಶಂಕ್ರಮ್ಮ ಕೊಡ ಕೆಳಗಿಟ್ಟು ನನ್ನ ಹಣೆಯನ್ನೇ ನೋಡಿದರು. "ಅಯ್ಯ, ಇಷ್ಟ್ ದಿನಕ್ಕರ ಬುದ್ಧಿ ಬಂತಲ್ಲವ್ವಾ, ಈಬತ್ತಿ ಹಚ್ಚೀದಿ! ಹಣಿತುಂಬ ಹಚ್ಚು, ಯಾಕ ಜಿಪುಣತನ?" ಎಂದು ತಮ್ಮ ಸೆರಗಿನಿಂದ ನನ್ನ ಮುಖದ ಬೆವರು ಒರೆಸಿದರು. ನಾನು ಕೊಡ ತುಂಬಿಕೊಂಡು ಬಂದುಬಿಟ್ಟೆ. ಅದು ನಮ್ಮ ತಪಸ್ಸುಕಾಲದ ಬೂದಿ ಎಂದು ಹೇಳಬೇಕಿತ್ತೇ?

ಇವರು ಬಂಗಲೆಯಲ್ಲಿ ದಿನಾ ಮಟನ್ ಬೇಯಿಸುತ್ತಾರೆ, ಮನೆಗೆ ಬಂದು ಬೇಳೆ ಉಣ್ಣುತ್ತಾರೆ. ಉಪ್ಪು ನೋಡಲೂ ನಾಲಿಗೆಗೆ ಹಚ್ಚುವುದಿಲ್ಲವಂತೆ. ಕುಲ್ಸುಮ್ ಖಾಲಾ ದಿನಕ್ಕೊಮ್ಮೆ ಬಂದು ಹೊಟ್ಟೆ ಮುಟ್ಟಿ ನೋಡುತ್ತಾಳೆ. ಎಲ್ಲ ಚೆನ್ನಾಗಿದೆ ಎನ್ನುತ್ತಾಳೆ.

ಜಪಮಾಲೆ


ಕಮಲಾಪುರ
೨೨ ಮಾರ್ಚ್ ೧೯೧೪

ಅಪ್ಪಾ,

ಇವರು ನಿಮಗೆ ಎಲ್ಲ ಹೇಳಿರುತ್ತಾರೆ. ಆದರೂ ನಾನೇ ಬರೆಯಬೇಕು ಎನಿಸಿತು.

ಬುಧವಾರ ಮಧ್ಯಾಹ್ನ ನೋವು ಬಂತು. ಇನ್ನೂ ದಿನ ತುಂಬಿರಲಿಲ್ಲ. ಗಂಡು ಕೂಸು. ಒಮ್ಮೆ ಅತ್ತಿತು, ಬೆಕ್ಕಿನ ಮರಿಯ ದನಿಯಷ್ಟು. ಆಮೇಲೆ ತುಟಿ ನೀಲಿಯಾಗತೊಡಗಿತು. ಕುಲ್ಸುಮ್ ಖಾಲಾ ಬೆನ್ನು ತಟ್ಟಿದಳು, ಕಾಲು ತಿಕ್ಕಿದಳು, ಬಾಯಿಗೆ ಬಾಯಿಟ್ಟು ಊದಿದಳು. ಆಮೇಲೆ ನನ್ನ ಮುಖ ನೋಡಿ, "ಹೆಸರು ಹೇಳು ಬೇಟಿ, ಲಗೂ ಹೇಳು" ಎಂದಳು. ಮರುದಿನ ಸಂತ ಸೂಸೆಯಪ್ಪರ ಹಬ್ಬ ಎಂದು ನೆನಪಾಯಿತು. ಸೂಸೆಯಪ್ಪ ಎಂದೆ.

ನೀರಿನ ಕೊಡ ಅವಳ ಕೈಗೆ ಎಟಕುವಲ್ಲೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ತನ್ನ ಗಂಟು ಬಿಚ್ಚಿ, ಅರಿವೆಯಲ್ಲಿ ಸುತ್ತಿಟ್ಟ ಕುಪ್ಪಿ ತೆಗೆದಳು. ಕಳೆದ ಉರುಸಿನಲ್ಲಿ ಕಲಬುರಗಿಯ ದರ್ಗಾದ ಕೇರಿ ರೋಜಾದಿಂದ ಕೊಂಡು ತಂದ ಗುಲಾಬ್‌ಜಲ ಅದು. ತಾನು ಸತ್ತ ದಿನ ತನ್ನ ಕಫನ್ ಬಟ್ಟೆಯ ಮೇಲೆ ಚಿಮುಕಿಸಲಿ ಎಂದು ಇಟ್ಟುಕೊಂಡಿದ್ದಳಂತೆ. ಮೇಣದ ಮುಚ್ಚಳ ಹಲ್ಲಿನಿಂದ ಕಿತ್ತು, ಕೂಸಿನ ತಲೆಯ ಮೇಲೆ ಹೊಯ್ಯುತ್ತ ನೀವು ಕಲಿಸಿದ ಮಾತು ಹೇಳಿದಳು. ಒಂದೂ ತಪ್ಪಲಿಲ್ಲ ಅಪ್ಪಾ. ನಾನು ಮಲಗಿದಲ್ಲಿಂದ ಒಂದೊಂದನ್ನೂ ಕೇಳಿಸಿಕೊಂಡೆ. ಆಮೇಲೆ ಕೂಸಿನ ಬಾಯಿ ಒಂದು ಸಲ ತೆರೆಯಿತು. ಅಷ್ಟೇ.

"ಬಾದಶಾಹನ ಮುಂದ ಹೋಗೋ ಕೂಸು, ಬಾವಿ ನೀರಾಗ ಹ್ಯಾಂಗ ಕಳಸಲಿ?" ಎಂದು ಅವಳು ಅತ್ತಳು. ಕೋಣೆಯ ತುಂಬ ಗುಲಾಬಿ. ಈಗಲೂ ನನ್ನ ಸೀರೆಯಲ್ಲಿ ಆ ವಾಸನೆ ಇದೆ, ಒಗೆಯಲು ಕೊಟ್ಟಿಲ್ಲ.

ಕೂಸನ್ನು ಕಲಬುರಗಿಗೆ ಒಯ್ಯಲು ಕತ್ತಲಿದ್ದಾಗಲೇ ಇವರು ಗಾಡಿ ಕಟ್ಟಿದರು. ನನಗೆ ಬರಲಾಗಲಿಲ್ಲ. ಸ್ನಾನವಾಗಿದೆ ಎಂದು ಕೇಳಿ ನೀವು ಅವನನ್ನು ಬೇಲಿಯ ಒಳಗೆ ಅವ್ವನ ಗೋರಿಯ ಪಕ್ಕದಲ್ಲಿ ಇಟ್ಟಿರಿ ಎಂದು ಇವರು ಬಂದು ಹೇಳಿದ ಮೇಲೆ ನಾನು ಮೊದಲ ಬಾರಿ ನಿದ್ದೆ ಮಾಡಿದೆ. ಅವನು ದೇವರ ಹತ್ತಿರ ಇದ್ದಾನೆ ಎಂಬ ಒಂದೇ ಮಾತಿನ ಮೇಲೆ ನಾನು ಎದ್ದು ಕೂತಿದ್ದೇನೆ. ಆ ಮಾತು ನೀವು ಕಲಿಸಿದ್ದು.

ಜಪಮಾಲೆ


ಕಲಬುರಗಿ
೧೭ ಏಪ್ರಿಲ್ ೧೯೧೪

ಮಗಳಿಗೆ ಆಶೀರ್ವಾದ.

ನಿನ್ನ ಪತ್ರ ಗರಿಗಳ ಭಾನುವಾರದ ಹಿಂದಿನ ದಿನ ಬಂತು. ಪವಿತ್ರ ವಾರದ ಕೆಲಸದಲ್ಲಿ ಉತ್ತರ ಬರೆಯಲು ಆಗಲಿಲ್ಲ.

ಈ ಸಲ ಈಚಲ ಗರಿ ಚೆನ್ನಾಗಿ ಸಿಕ್ಕವು. ದೊಡ್ಡ ಶುಕ್ರವಾರ ಶಿಲುಬೆ ಮುದ್ದಿಸಲು ಗಿರಣಿಯವರೆಲ್ಲ ಬಂದರು. ಪಾಸ್ಖ ಹಬ್ಬದ ಮರುದಿನ ಸ್ವಾಮಿಗಳು ಬಂದು ಪೂಜೆ ಮಾಡಿದರು, ಎಲ್ಲರ ಪಾಪನಿವೇದನೆ ಕೇಳಿದರು, ನನ್ನದೂ ಕೇಳಿದರು. ಎರಡು ದಿನ ನಮ್ಮಲ್ಲೇ ಇದ್ದರು. ನಿನ್ನ ಗರಿಯನ್ನು ತೆಗೆದಿಟ್ಟಿದ್ದೇನೆ. ಮೈ ನೋಡಿಕೋ. ಬಾಣಂತಿ ಗಾಳಿಗೆ ಓಡಾಡಬಾರದು.

ಒಂದು ಮಾತು. ಆ ಕುಪ್ಪಿಯಲ್ಲಿ ಇದ್ದದ್ದು ಬರೀ ಗುಲಾಬ್‌ಜಲವೇ, ಇಲ್ಲ ಕುಲ್ಸುಮ್ ಅದಕ್ಕೆ ನೀರು ಬೆರೆಸಿದ್ದಳೇ? ಅಂಗಡಿಯವರೂ ಎಷ್ಟೋ ಸಲ ನೀರು ಬೆರೆಸಿ ಮಾರುತ್ತಾರೆ. ಸಮಯ ಸಿಕ್ಕಾಗ ಕೇಳಿ ನೋಡು. ಸುಮ್ಮನೆ ಕೇಳಿದೆ.

ನಿನ್ನ ಅಪ್ಪ


ಕಮಲಾಪುರ
೬ ಮೇ ೧೯೧೪

ಅಪ್ಪನವರಿಗೆ,

ಕೇಳಿದೆ. "ಒಂದು ಹನಿ ಬೆರಕಿ ಇಲ್ಲ, ಅಲ್ಲಾ ಕಸಂ. ಅಸಲಿ ಮಾಲು. ನಿಮ್ಮಪ್ಪಗ ಏನನಿಸ್ತು, ಮುದುಕಿ ಕೂಸಿನ ಮ್ಯಾಲ ಹಲ್ಕಾ ಮಾಲು ಸುರದಾಳ ಅಂತೇನು?" ಎಂದಳು. ಬಹಳ ನೊಂದುಕೊಂಡಳು.

ನೀವು ಸುಮ್ಮನೆ ಏನನ್ನೂ ಕೇಳುವವರಲ್ಲ. ಯಾಕೆ ಕೇಳಿದಿರಿ?

ಜಪಮಾಲೆ


ಕಮಲಾಪುರ
೨೬ ಜೂನ್ ೧೯೧೪

ಅಪ್ಪಾ,

ಉತ್ತರ ಬರಲಿಲ್ಲ. ಯೇಸುವಿನ ಹೃದಯದ ಹಬ್ಬ ಯಾವಾಗ ಎಂದೂ ಈ ವರ್ಷ ನೀವು ಬರೆಯಲಿಲ್ಲ. ನಾನೇ ಲೆಕ್ಕ ಹಾಕಿಕೊಂಡೆ, ತಪ್ಪಿತೋ ಏನೋ.

ನಿಮ್ಮ ಮೊದಲ ಪತ್ರ ಟ್ರಂಕಿನಲ್ಲಿತ್ತು. ತೆಗೆದು ಮತ್ತೆ ಓದಿದೆ. ಹಾಲಲ್ಲ, ಎಣ್ಣೆಯಲ್ಲ, ಎಳನೀರಲ್ಲ.

ಬರೆಯಿರಿ.

ಜಪಮಾಲೆ


ಕಲಬುರಗಿ
೧೬ ಆಗಸ್ಟ್ ೧೯೧೪

ಮಗಳೇ,

ನಿನ್ನೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ. ತನ್ನ ಮಗನ ದೇಹವನ್ನು ತೊಡೆಯ ಮೇಲೆ ಇಟ್ಟುಕೊಂಡ ತಾಯಿ ಅವಳು. ಅವಳ ಹಬ್ಬದ ದಿನವೂ ನಿನಗೆ ಬರೆಯದೆ ಮಲಗಲು ಹೋದೆ, ಆಗಲಿಲ್ಲ.

ನನಗೆ ಕಲಿಸಿದ ಮಟ್ಟಿಗೆ ಗುಲಾಬ್‌ಜಲದ ಸ್ನಾನ ಸಿಂಧುವಾಗುವುದಿಲ್ಲ. ಅದು ಹೂವಿನಿಂದ ಇಳಿಸಿದ್ದು, ನೀರಿನ ಲೆಕ್ಕಕ್ಕೆ ಬಾರದು. ಬದುಕಿದ್ದರೆ ಇನ್ನೊಮ್ಮೆ ನೀರು ಹೊಯ್ಯಬಹುದಿತ್ತು. ಸತ್ತವರಿಗೆ ಯಾವ ಸ್ನಾನವೂ ಇಲ್ಲ. ಪಟ್ಟಿ ಕೊಡುವಾಗ ಗುಲಾಬ್‌ಜಲ ಎಂದು ಬರೆಯುವುದು ನನಗೆ ಹೊಳೆಯಲಿಲ್ಲ. ರೋಜಾ ಇರುವ ಊರಲ್ಲಿ ಇಷ್ಟು ವರ್ಷ ಇದ್ದೂ ಹೊಳೆಯಲಿಲ್ಲ.

ಮೇ ತಿಂಗಳಲ್ಲಿ ನಿನ್ನ ಪತ್ರ ಬಂದ ಮೇಲೆ ನಾನು ರೋಜಾದ ಅತ್ತರಿನ ಅಂಗಡಿಗಳಿಗೆ ಹೋಗಿದ್ದೆ. ಜಹಾಂಗೀರ್ ಎಂಬವನು ಉರುಸಿಗೆ ಕಮಲಾಪುರದವರಿಗೆಲ್ಲ ಕುಪ್ಪಿ ಮಾರುವವನಂತೆ. "ನಿಮ್ಮ ಮಾಲಿನಾಗ ನೀರು ಎಷ್ಟು ಬೆರಸ್ತೀರಿ?" ಎಂದು ಕೇಳಿಯೇಬಿಟ್ಟೆ. ಅವನು ತಕ್ಕಡಿ ಕೆಳಗಿಟ್ಟ.

"ಏನಂದ್ರಿ ದೊಡ್ಡಪ್ಪಾ? ದರ್ಗಾದ ಮುಂದ ಕುಂತು ನೀರು ಮಾರಾಕ ನನಗೇನು ಹುಚ್ಚು ಹಿಡದದೇನು? ಒಂದು ಹನಿ ಬೆರಕಿ ತೋರಸ್ರಿ, ಇವತ್ತs ದುಕಾನ್ ಬಂದ್ ಮಾಡ್ತೀನಿ."

"ಸ್ವಲ್ಪರ ಬೆರಸಿದ್ರ ಹೇಳ್ರಿ. ನಾ ಯಾರ ಮುಂದೂ ಅನ್ನಾಂಗಿಲ್ಲ."

"ಅಲ್ರೀ, ಬೆರಸಿಲ್ಲಂದ್ರ ಯಾಕ ಇಷ್ಟು ಸಂಕಟ ಪಡ್ತೀರಿ ನೀವು?"

ಕಲಬುರಗಿಯಲ್ಲಿ ಒಬ್ಬ ಮೋಸಗಾರನನ್ನು ನಾನು ಅಷ್ಟು ಆಸೆಯಿಂದ ಹುಡುಕಿದ್ದು ಅದೇ ಮೊದಲು. ಸಿಗಲಿಲ್ಲ.

ಪಾಸ್ಖ ಹಬ್ಬಕ್ಕೆ ಸ್ವಾಮಿಗಳು ಎರಡು ದಿನ ಇಲ್ಲಿದ್ದಾಗ ನಾನು ಕೇಳಬಹುದಿತ್ತು. ನಿನ್ನ ಪತ್ರ ಜೇಬಿನಲ್ಲೇ ಇತ್ತು. ಕೇಳಿದರೆ ಉತ್ತರ ಬರುತ್ತದೆ ಎಂದು ಕೇಳಲಿಲ್ಲ. ಕಡೆಗೆ ಜುಲೈ ಕೊನೆಗೆ ಧೈರ್ಯ ಮಾಡಿ ಬರೆದೆ. ಯುರೋಪಿನಲ್ಲಿ ಯುದ್ಧ ಶುರುವಾಗಿದೆಯಂತೆ, ಅವರ ದೇಶದಿಂದ ಕರೆ ಬಂದು ಸ್ವಾಮಿಗಳು ಬೊಂಬಾಯಿಗೆ ಹೋದರು ಎಂದು ಅವರ ಮನೆಯ ಅಡಿಗೆಯವನು ಉತ್ತರ ಬರೆಸಿದ್ದಾನೆ. ಅವರ ಜಾಗಕ್ಕೆ ಯಾರು, ಯಾವಾಗ ಎಂದು ಯಾರಿಗೂ ಗೊತ್ತಿಲ್ಲ.

ಉಪದೇಶಿಯಾಗಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಬೇರೆಯವರ ಕೂಸುಗಳಿಗೆ ನಾನು ಬೇಲಿಯ ಆಚೆಯೇ ಜಾಗ ತೋರಿಸಿದ್ದೇನೆ. ಚಾಳಿನ ಅನ್ನಮ್ಮನ ಕೂಸಿಗೂ ಅಲ್ಲೇ. ಮೊನ್ನೆ ಗುದ್ದಲಿ ತೆಗೆದುಕೊಂಡು ಸ್ಮಶಾನಕ್ಕೆ ಹೋದೆ. ನಿನ್ನ ಅವ್ವನ ಪಕ್ಕದ ಗುಡ್ಡೆಯ ಮೇಲೆ ಮಳೆಗೆ ಹುಲ್ಲು ಬೆಳೆದಿತ್ತು. ನಿಂತೆ. ವಾಪಸ್ಸು ಬಂದೆ. ಇನ್ನೂ ಏನೂ ಮಾಡಿಲ್ಲ.

ನಿನ್ನ ಅಪ್ಪ


ಕಮಲಾಪುರ
೮ ಸೆಪ್ಟೆಂಬರ್ ೧೯೧೪

ಅಪ್ಪಾ,

ನನ್ನ ಮಗನನ್ನು ಮುಟ್ಟಬೇಡಿ.

ಇವರಿಗೆ ನಾನು ಹೇಳಿಲ್ಲ. ದಿನಾ ಸಂಜೆ ಊಟಕ್ಕೆ ಕೂಡುವ ಮುಂಚೆ "ಸೂಸೆಯಪ್ಪಾ, ನಮಗಾಗಿ ಬೇಡಿಕೋ" ಎನ್ನುತ್ತಾರೆ. ನಾನು ಆಮೆನ್ ಎನ್ನುತ್ತೇನೆ.

ಕುಲ್ಸುಮ್ ಖಾಲಾ ಈ ವರ್ಷವೂ ಉರುಸಿಗೆ ಬರುತ್ತಾಳೆ. ಕೂಸಿನ ಗೋರಿ ನೋಡಬೇಕು, ಹೂ ಹಾಕಬೇಕು ಎಂದು ನಿಮ್ಮ ಮನೆ ಎಲ್ಲಿ ಎಂದು ಕೇಳಿಕೊಂಡಿದ್ದಾಳೆ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ. ಅವಳಿಗೆ ಹೇಳಬೇಡಿ. ನೀವು ಸುಳ್ಳು ಹೇಳುವವರಲ್ಲ ಎಂದು ಗೊತ್ತು. ಸುಮ್ಮನಿರಲು ನಿಮಗೆ ಬರುತ್ತದೆ. ನಾಲ್ಕು ತಿಂಗಳು ನನ್ನ ಹತ್ತಿರ ಸುಮ್ಮನಿದ್ದಿರಲ್ಲ, ಹಾಗೆ ಅವಳ ಹತ್ತಿರವೂ ಇರಿ.

ಜಪಮಾಲೆ


ಕಲಬುರಗಿ
೯ ಅಕ್ಟೋಬರ್ ೧೯೧೪

ಮಗಳಿಗೆ ಆಶೀರ್ವಾದ.

ಕುಲ್ಸುಮ್ ಬಂದಿದ್ದಳು. ಉರುಸಿನ ಗದ್ದಲದಲ್ಲಿ ಕಾಲಿಗೆ ಗಾಯ ಮಾಡಿಕೊಂಡು, ಕುಂಟುತ್ತ ಚಾಳಿನ ಬಾಗಿಲು ಬಾಗಿಲು ಕೇಳಿಕೊಂಡು ಬಂದಳು. ಚಹಾ ಕೊಟ್ಟೆ. ಕುಡಿಯುವ ಮುಂಚೆಯೇ ಕೇಳಿದಳು.

"ಉಪದೇಶಿ ಸಾಬ್, ಕೂಸು ಎಲ್ಲದ?"

ಕರೆದುಕೊಂಡು ಹೋದೆ. ಗುಡ್ಡೆಯ ಮುಂದೆ ಕೂತು ಮಲ್ಲಿಗೆ ಹಾಕಿದಳು, ಅಂಗೈಯಿಂದ ಮಣ್ಣು ಸವರಿದಳು. ಆಮೇಲೆ ನನ್ನ ಕಡೆ ತಿರುಗಿ, ನಾನು ಕೇಳದೆಯೇ, ಆ ದಿನ ಹೇಳಿದ ಮಾತನ್ನು ಮೊದಲಿನಿಂದ ಕೊನೆಯ ತನಕ ಒಪ್ಪಿಸಿದಳು. ಶಾಲೆಯ ಹುಡುಗಿಯ ಹಾಗೆ ನನ್ನ ಮುಖ ನೋಡಿದಳು.

"ಬರೋಬರ್ ಅದ ಏನ್ರೀ? ದಿನಾ ಮಲಗೋ ಮುಂದ ನೆನಪು ಮಾಡಿಕೋತೀನಿ. ಒಂದು ಮಾತು ಹೆಚ್ಚುಕಡಿಮಿ ಆಗಿತ್ತಂದ್ರ ಕೂಸಿಗಿ ತರಾಸ್ ಅಲ್ಲೇನು?"

"ಮಾತು ಬರೋಬರ್ ಅವ" ಎಂದೆ. ಅದು ಸುಳ್ಳಲ್ಲ. ಆದರೆ ಅವಳಿಗೆ ಸಮಾಧಾನವಾದದ್ದನ್ನು ನೋಡಿದಾಗ ಸುಳ್ಳು ಹೇಳಿದವನ ಹಾಗೆಯೇ ನಿಂತಿದ್ದೆ.

ಈ ಉರುಸಿನಲ್ಲಿ ಕೊಂಡ ಹೊಸ ಕುಪ್ಪಿ ಅವಳ ಗಂಟಿನಲ್ಲಿತ್ತು. ತೆಗೆದು ಕೂಸಿನ ಮೇಲೆ ಅರ್ಧ ಚಿಮುಕಿಸಿದಳು. ಆಗ ಬೇಲಿಯ ಆಚೆ ಅವಳ ಕಣ್ಣು ಹೋಯಿತು.

"ಅವು ಯಾರವು?"

"ಅವೂ ಕೂಸುಗಳೇ. ಸ್ನಾನ ಆಗೋಕಿಂತ ಮೊದಲs ಹೋಗ್ಯಾವ."

"ಮತ್ತ ಹೊರಗ ಯಾಕ ಇಟ್ಟೀರಿ?"

"ನಮ್ಮಲ್ಲಿ ಹಂಗ ಅದ."

"ಅವಕ್ಕ ನನ್ನಂಥ ಮುದುಕಿ ಸಿಗಲಿಲ್ಲ ಪಾಪ" ಎಂದಳು. ಹೆಮ್ಮೆಯಿಂದಲ್ಲ, ನಿಜವಾಗಿ ಮರುಗಿ ಹೇಳಿದಳು. ಜಾಲಿಮುಳ್ಳಿನ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು, ಕುಂಟುಗಾಲಲ್ಲೇ ಆ ಕಡೆ ದಾಟಿದಳು. ಒಂದೊಂದು ಗುಡ್ಡೆಯ ಮೇಲೂ ಚಿಮುಕಿಸುತ್ತ ಹೋದಳು. ಕುಪ್ಪಿ ಬರಿದಾಯಿತು. "ನಿನ್ನ ಕಫನ್‌ಗೆ?" ಎಂದು ಈ ಕಡೆಯಿಂದ ಕೇಳಿದೆ. "ಮುಂದಿನ ಉರುಸಿನ ತನಕ ಇದ್ರ ಇನ್ನೊಂದು ತಗೋತೀನಿ, ಇಲ್ಲಂದ್ರ ಹಂಗs ಹೋಗ್ತೀನಿ" ಎಂದಳು.

ನಾನು ಅವಳನ್ನು ತಡೆಯಲಿಲ್ಲ. ಜೊತೆಗೂ ಹೋಗಲಿಲ್ಲ. ಬೇಲಿಯ ಈ ಕಡೆ ನಿಂತಿದ್ದೆ. ಆ ಗುಡ್ಡೆಗಳಲ್ಲಿ ಬಹಳಷ್ಟನ್ನು ಅಗೆದವನು ನಾನೇ. ಮಣ್ಣು ಮುಚ್ಚಿದ ಮೇಲೆ ಒಮ್ಮೆಯೂ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ನಿನ್ನ ಅಪ್ಪ


ಕಮಲಾಪುರ
೨೬ ಅಕ್ಟೋಬರ್ ೧೯೧೪

ಅಪ್ಪನವರಿಗೆ ನಮಸ್ಕಾರ.

ಸಕಲ ಆತ್ಮಗಳ ದಿನಕ್ಕೆ ಎರಡು ಮೇಣದಬತ್ತಿ ಕಳಿಸಿದ್ದೇನೆ. ಬಂಗಲೆಯಲ್ಲಿ ಸಾಹೇಬರು ಉರಿಸಿ ಬಿಟ್ಟ ತುಂಡುಗಳನ್ನು ಕರಗಿಸಿ ನಾನೇ ಮಾಡಿದ್ದು. ಸೊಟ್ಟಗಿವೆ.

ಒಂದನ್ನು ಅವ್ವನ ತಲೆಯ ಹತ್ತಿರ ಹಚ್ಚಿ. ಅವ್ವನ ಬೆಳಕು ನನ್ನ ಮಗನಿಗೂ ಬೀಳುತ್ತದೆ, ಅವನಿಗೆ ಬೇರೆ ಬೇಡ. ಇನ್ನೊಂದನ್ನು ಕುಲ್ಸುಮ್ ಖಾಲಾ ಬೇಲಿ ದಾಟಿ ಹೋದ ಕಡೆ ಹಚ್ಚಿ. ಅವನು ದೇವರ ಹತ್ತಿರ ಇಲ್ಲದಿದ್ದರೆ ಆ ಕೂಸುಗಳ ಜೊತೆಯಲ್ಲಿ ಇರುತ್ತಾನಲ್ಲ.

ನಿಮಗೆ ಆಗದಿದ್ದರೆ ಬಿಡಿ. ಕೇಳಿದೆ ಅಷ್ಟೇ.

ಜಪಮಾಲೆ


ಕಲಬುರಗಿ
೩ ನವೆಂಬರ್ ೧೯೧೪

ಮಗಳಿಗೆ ಆಶೀರ್ವಾದ.

ನಿನ್ನೆ ಸಂಜೆ ಗಿರಣಿ ಬಿಟ್ಟ ಮೇಲೆ ಎಲ್ಲರೂ ಸ್ಮಶಾನಕ್ಕೆ ಬಂದರು. ಪದ್ಧತಿಯಂತೆ ಸತ್ತವರ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥನೆ ಮಾಡಿಸಿದೆ. ನಿನ್ನ ಅವ್ವನ ಹೆಸರು ಹೇಳಿದೆ. ಅದರ ಮುಂದೆ ಸೂಸೆಯಪ್ಪನ ಹೆಸರು ಹೇಳಲೇ ಎಂದು ನಿಂತೆ. ಸ್ನಾನವಾದ ಹಸುಗೂಸಿಗೆ ನಮ್ಮ ಪ್ರಾರ್ಥನೆ ಬೇಕಿಲ್ಲ, ಅದು ನೆಟ್ಟಗೆ ದೇವರ ಹತ್ತಿರ ಹೋಗಿರುತ್ತದೆ. ಸ್ನಾನವಾಗದ್ದಕ್ಕೆ ನಮ್ಮ ಪ್ರಾರ್ಥನೆ ಮುಟ್ಟುವುದಿಲ್ಲ. ಹೇಗೆ ನೋಡಿದರೂ ಅವನ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಮುಂದಿನ ಹೆಸರಿಗೆ ಹೋದೆ.

ನಿನ್ನ ಒಂದು ಬತ್ತಿಯನ್ನು ಅವಳ ತಲೆಯ ಹತ್ತಿರ ಹಚ್ಚಿದೆ. ಬೆಳಕು ಪಕ್ಕದ ಗುಡ್ಡೆಯ ಮೇಲೆ ಬಿತ್ತು. ನೀನು ಬರೆದದ್ದು ಸರಿ.

ಎಲ್ಲರೂ ಹೋಗಲಿ ಎಂದು ಕಾದೆ. ಆಮೇಲೆ ಬೇಲಿಯ ಸಂದಿಯಲ್ಲಿ ನುಗ್ಗಿದೆ. ಧೋತರ ಮುಳ್ಳಿಗೆ ಸಿಕ್ಕಿ ಹರಿಯಿತು. ಎಕ್ಕೆಗಿಡದ ಬುಡದಲ್ಲಿ, ಗಾಳಿ ತಾಗದ ಕಡೆ, ಕಲ್ಲಿನ ಮೇಲೆ ಇನ್ನೊಂದು ಬತ್ತಿ ಹಚ್ಚಿದೆ. ಮೊಣಕಾಲೂರಿದೆ. ಆದರೆ ಏನು ಹೇಳಬೇಕು ಎಂದು ತಿಳಿಯಲಿಲ್ಲ. ನನಗೆ ಬರುವ ಪ್ರಾರ್ಥನೆಗಳನ್ನೆಲ್ಲ ಮನಸ್ಸಿನಲ್ಲಿ ತಂದುಕೊಂಡೆ. ಯಾವುದೂ ಆ ಜಾಗಕ್ಕೆ ಬರೆದದ್ದಲ್ಲ.

ಹಿಂದೆ ಯಾರೋ ಬಂದ ಸದ್ದಾಯಿತು. ಅನ್ನಮ್ಮ. ಅವಳು ಹೋಗಿರಲಿಲ್ಲ. ಅವಳು ಅಲ್ಲಿಗೆ ಎಷ್ಟು ಸಲ ಬಂದಿದ್ದಾಳೋ, ಮುಳ್ಳು ಸರಿಸುವುದು ಅವಳಿಗೆ ರೂಢಿಯಿತ್ತು. ಎರಡನೆಯದು ಅವಳ ಕೂಸಿನ ಗುಡ್ಡೆ, ಅದರ ಹತ್ತಿರ ಹೋಗಿ ಕೂತಳು.

"ಇಲ್ಲಿ ಏನು ಅನಬೇಕ್ರೀ, ಉಪದೇಶ್ಯಾರ?"

"ನನಗ ಗೊತ್ತಿಲ್ಲವ್ವಾ."

"ನಿಮಗೂ ಗೊತ್ತಿಲ್ಲೇನು?" ಎಂದಳು. ಚುಚ್ಚಿ ಹೇಳಿದಳೋ, ಆಶ್ಚರ್ಯದಿಂದ ಹೇಳಿದಳೋ ತಿಳಿಯಲಿಲ್ಲ. ಗುಡ್ಡೆಯ ಮೇಲಿನ ಒಣ ಎಲೆ ಸರಿಸಿ, "ಮತ್ತ ಸುಮ್ಮ ಕುಂಡ್ರೂಣ?" ಎಂದಳು.

"ಕುಂಡ್ರೂಣ."

ಬತ್ತಿ ಮುಗಿಯುವ ತನಕ ಕೂತಿದ್ದೆವು.

ಹೊಸ ಸ್ವಾಮಿಗಳ ಸುದ್ದಿ ಇಲ್ಲ. ಯಾರಾದರೂ ಬಂದ ದಿನ ಕೇಳುತ್ತೇನೆ. ಅವರು ಏನು ಹೇಳಿದರೂ ನಿನಗೆ ಬರೆಯುತ್ತೇನೆ, ಈ ಸಲ ಮುಚ್ಚಿಡುವುದಿಲ್ಲ. ತೆಗೆ ಎಂದರೆ ಏನು ಮಾಡುತ್ತೇನೆ ಎಂದು ಮಾತ್ರ ಕೇಳಬೇಡ. ಅಲ್ಲಿಯ ತನಕ ಅವನು ಅಜ್ಜಿಯ ಪಕ್ಕದಲ್ಲೇ ಇರುತ್ತಾನೆ.

ಈ ವರ್ಷ ಆಗಮನ ಕಾಲ ೨೯ ನವೆಂಬರಿಗೆ ಆರಂಭ. ಜಪಸರ ಬಿಡಬೇಡ.

ಇವತ್ತು ಮುಂಜಾನೆ ರೋಜಾಕ್ಕೆ ಹೋಗಿ ಜಹಾಂಗೀರನ ಅಂಗಡಿಯಿಂದ ಒಂದು ಕುಪ್ಪಿ ತಂದಿಟ್ಟಿದ್ದೇನೆ. ಚೌರಪ್ಪನವರು ಬಂದಾಗ ಕಳಿಸುತ್ತೇನೆ, ಕುಲ್ಸುಮ್‌ಗೆ ಕೊಡು. ತನ್ನ ಕಫನ್‌ಗೆ ಇಟ್ಟುಕೊಳ್ಳಲಿ. ಅಸಲಿ ಇದೆ ಎಂದು ಹೇಳು. ನಾನು ಕೇಳಿಯೇ ತಂದದ್ದು.

ನಿನ್ನ ಅಪ್ಪ,
ಇನ್ನಾಸಪ್ಪ